ಅಜ್ಜನ ಆರೈಕೆ, ಅಜ್ಜಿಯ ಶುಗರ್, ನನ್ನ ಸಿಇಟಿ: ಒಂದು ಪ್ರಶ್ನೋತ್ತರ

ಪ್ರಶ್ನೆ: ವಿದ್ಯಾರ್ಥಿನಿ, 17 ವರ್ಷ, ದ್ವಿತೀಯ ಪಿಯು ವಿಜ್ಞಾನ, ಮಂಡ್ಯ ಜಿಲ್ಲೆ

ಅಜ್ಜನಿಗೆ 78. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಎಬ್ಬಿಸಿದರೆ ಮಂಚದ ಅಂಚಲ್ಲಿ ಕೂರ್ತಾರೆ, ಎಡಗಾಲ ಮೇಲೆ ಭಾರ ಹಾಕ್ತಾರೆ. ಮಲಗಿದ ಮೇಲೆ ತಾವಾಗಿ ಮಗ್ಗುಲು ಬದಲಿಸೋಕೆ ಆಗಲ್ಲ. ಅಜ್ಜಿಗೆ 72, ಶುಗರ್ ಇದೆ, ದಿನಕ್ಕೆ ಎರಡು ಸಲ 30/70 ಇನ್ಸುಲಿನ್. ಬೆಳಿಗ್ಗೆ 7:15ಕ್ಕೆ ಅಮ್ಮ ಚುಚ್ಚಿ, 8ಕ್ಕೆ ಗಾರ್ಮೆಂಟ್ಸ್ ಬಸ್ ಹತ್ತಿದರೆ ಬರೋದು ಸಂಜೆ 7ಕ್ಕೆ. ಅಪ್ಪ ಬೆಂಗಳೂರಲ್ಲಿ, ಶನಿವಾರ ರಾತ್ರಿ ಬರ್ತಾರೆ. ಚಿಕ್ಕಪ್ಪ ಇದೇ ಊರಲ್ಲಿದ್ದಾರೆ, ಬಂದು ನೋಡ್ಕೊಂಡು ಹೋಗ್ತಾರೆ ಅಷ್ಟೆ.

ಕಾಲೇಜಿಂದ 4:30ಕ್ಕೆ ಬಂದಮೇಲೆ ಎಲ್ಲಾ ನಂದೇ. ರಾತ್ರಿ ಎರಡೆರಡು ಗಂಟೆಗೆ ಅಲಾರಂ ಇಟ್ಕೊಂಡು ಅಜ್ಜನ್ನ ಹೊರಳಿಸ್ತೀನಿ. ಅಜ್ಜಿಗೆ ಈಚೆಗೆ ಮಧ್ಯಾಹ್ನದ ಹೊತ್ತು ಬೆವರು ಬಂದು ಕಣ್ಣು ಕತ್ತಲೆ ಬರ್ತಿದೆ. ಸಿಇಟಿ ಇದೆ. ತಾಲ್ಲೂಕು ವಾಲಿಬಾಲ್ ತಂಡದಲ್ಲಿದ್ದೀನಿ, ಪ್ರಾಕ್ಟೀಸ್ 5:15ರಿಂದ 6:30. ಮನೇಲಿ ಎಲ್ಲರೂ ವಾಲಿಬಾಲ್ ಬಿಡು ಅಂತಾರೆ. ಬಿಡಲೇಬೇಕಾ?

ಉತ್ತರ: ಹಿರಿಯರ ಆರೈಕೆ ನರ್ಸ್

ಬಿಡಬೇಡ ಕಣಮ್ಮ. ಬಿಡಬೇಕಾಗಿರೋದು ರಾತ್ರಿಯ ಅಲಾರಂ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಅಜ್ಜಿ ವಿಷಯ. ಹಗಲೆಲ್ಲ ಮನೆ ನಿಂತಿರೋದು ಅವರ ಮೇಲೆ. ಅವರು ಕುಸಿದರೆ ನಿನ್ನ ಓದು, ಆಟ, ಅಜ್ಜನ ಊಟ ಎಲ್ಲ ಒಟ್ಟಿಗೆ ನಿಲ್ಲುತ್ತೆ.

ಮಧ್ಯಾಹ್ನದ ಬೆವರು, ಕಣ್ಣು ಕತ್ತಲೆ ಅಂದ್ರೆ ಶುಗರ್ ಇಳಿದಿರೋ ಸಾಧ್ಯತೆ ಹೆಚ್ಚು. 30/70 ಇನ್ಸುಲಿನ್‌ನಲ್ಲಿ 30 ಭಾಗ ಬೇಗ ಕೆಲಸ ಮಾಡಿ ತಿಂಡಿಯ ಸಕ್ಕರೆ ನೋಡಿಕೊಳ್ಳುತ್ತೆ. ಉಳಿದ 70 ಭಾಗ ನಿಧಾನ. ಬೆಳಿಗ್ಗೆ 7:15ಕ್ಕೆ ಚುಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಜೋರಾಗಿರುತ್ತೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಊಟ ಇರಲೇಬೇಕು. ಅಜ್ಜಿ ಏನು ಮಾಡ್ತಿರಬಹುದು ಹೇಳು? ಅಜ್ಜನಿಗೆ ಒಂದಕ್ಕೆ ಉಣ್ಣಿಸೋಕೆ ಕೂತು, ಅದು ಮುಗಿದು, ಬಾಯಿ ತೊಳೆಸಿ, ತಾವು ಉಣ್ಣೋದು ಎರಡೂವರೆಗೆ. ಗಂಡ ಉಂಡ ಮೇಲೇ ಉಣ್ಣೋ ತಲೆಮಾರು ಅದು. ನಾಳೆಯಿಂದ ಅಜ್ಜಿ 12:45ಕ್ಕೆ ಉಣ್ಣಲಿ, ಆಮೇಲೆ ಅಜ್ಜನಿಗೆ. 10:30ಕ್ಕೆ ಒಂದು ಲೋಟ ಮಜ್ಜಿಗೆ, ಎರಡು ಬಿಸ್ಕತ್ತು. ಜೊತೆಗೆ ಮೂರು ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಗ್ಲೂಕೋಮೀಟರ್‌ನಲ್ಲಿ ನೋಡಿ, ಹೊತ್ತು ಸಮೇತ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಡೋಸ್ ಬದಲಾಯಿಸೋದು ಅವರು, ನೀನಲ್ಲ, ಅಮ್ಮನೂ ಅಲ್ಲ.

ಮತ್ತೆ ಬೆವರು, ನಡುಕ, ತಡವರಿಕೆ ಬಂದರೆ ತಕ್ಷಣ ಶುಗರ್ ನೋಡು. 70ಕ್ಕಿಂತ ಕಡಿಮೆ ಇದ್ರೆ, ಅಥವಾ ಮೀಟರ್ ಕೈಗೆ ಸಿಗದಿದ್ರೆ, ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸು. ಲಾಡು, ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ. 15 ನಿಮಿಷ ಬಿಟ್ಟು ಮತ್ತೆ ನೋಡು, ಏರದಿದ್ರೆ ಇನ್ನೊಂದು ಸಲ ಅಷ್ಟೇ ಸಕ್ಕರೆ. ಏರಿದ ಮೇಲೆ ಊಟ ದೂರ ಇದ್ರೆ ಒಂದು ಚಪಾತಿಯೋ ಇಡ್ಲಿಯೋ ತಿನ್ನಿಸು, ಇಲ್ಲದಿದ್ರೆ ಮತ್ತೆ ಇಳಿಯುತ್ತೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ನೀರೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡು. ಸಕ್ಕರೆ ಡಬ್ಬಿ ಅಡುಗೆಮನೆ ಅಟ್ಟದ ಮೇಲಲ್ಲ, ಅಜ್ಜಿ ಕೂರೋ ಜಾಗದ ಪಕ್ಕದಲ್ಲೇ ಇರಲಿ.

ಇನ್ನು ಅಜ್ಜ. ಎರಡು ಗಂಟೆಗೊಮ್ಮೆ ಹೊರಳಿಸೋದು ಸರಿಯಾದ ಲೆಕ್ಕವೇ. ಒಂದೇ ಕಡೆ ಮೂಳೆ ಒತ್ತಿದರೆ ಅಲ್ಲಿ ರಕ್ತ ಓಡಲ್ಲ, ಚರ್ಮ ಸಾಯುತ್ತೆ, ಅದೇ ಬೆಡ್ ಸೋರ್. ಆದರೆ ರಾತ್ರಿಯೂ ಹಾಗೇ ಮಾಡ್ತಾ ಹೋದರೆ ನೀನೇ ಹಾಸಿಗೆ ಹಿಡೀತೀಯ. ನಿನ್ನ ವಯಸ್ಸಿಗೆ 8 ಗಂಟೆ ನಿದ್ದೆ ಬೇಕು. ಗಾಳಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬದಲಾಗುತ್ತಾ ಇರೋ, ಮೋಟಾರ್ ಇರೋ ಏರ್ ಬೆಡ್ ತರಿಸಿ. ಬಾಡಿಗೆಗೂ ಸಿಗುತ್ತೆ. ಅದನ್ನು ಹಾಕಿದ ಮೇಲೆ ಚರ್ಮ ಸರಿಯಾಗಿದೆ ಅಂತ ನರ್ಸ್ ಒಬ್ಬರು ನೋಡಿ ಒಪ್ಪಿದರೆ ರಾತ್ರಿಯ ಅಂತರವನ್ನು ನಾಲ್ಕು ಗಂಟೆಗೆ ಏರಿಸಬಹುದು: 10ಕ್ಕೆ, 2ಕ್ಕೆ, 6ಕ್ಕೆ. ಈ ಮೂರೂ ದೊಡ್ಡವರ ಕೆಲಸ. ಅಮ್ಮ ದಿನಾ 2ಕ್ಕೆ ಎದ್ದು 8ಕ್ಕೆ ಬಸ್ ಹತ್ತೋಕಾಗಲ್ಲ, ಅದಕ್ಕೇ ವಾರದಲ್ಲಿ ಮೂರು ರಾತ್ರಿ ಚಿಕ್ಕಪ್ಪ ಬಂದು ಮಲಗಲಿ. ಏರ್ ಬೆಡ್ ಮೇಲೆ ದಪ್ಪ ಹಾಸಿಗೆ, ಮಡಚಿದ ಕಂಬಳಿ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ. ಒಂದೇ ತೆಳು ಬೆಡ್‌ಶೀಟ್ ಸಾಕು.

ಹೊರಳಿಸಿದಾಗಲೆಲ್ಲ ಟಾರ್ಚ್ ಹಿಡಿದು ಬಾಲದ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ ನೋಡು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಚೆನ್ನಾಗಿ ಕಾಣಲ್ಲ. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಇದೆಯಾ ಅಂತ ಮುಟ್ಟಿ ನೋಡಬೇಕು. ಅಂಥ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗೆ ಆಗಲೇ ನೊಂದಿರೋ ಚರ್ಮ ಹರಿಯುತ್ತೆ. ಮಧ್ಯ ತೂತಿರೋ ರಬ್ಬರ್ ಚಕ್ರವೂ ಬೇಡ, ತೂತಿನ ಸುತ್ತ ಒತ್ತಡ ಇನ್ನೂ ಜಾಸ್ತಿ. ಪೂರ್ತಿ ಮಗ್ಗುಲಿಗೆ ಬೇಡ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ. ಮೊಣಕಾಲುಗಳ ಮಧ್ಯೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು, ಹಿಮ್ಮಡಿ ಗಾಳಿಯಲ್ಲಿರಲಿ.

ಈಗ ನಿನ್ನ ವಾಲಿಬಾಲ್. 4:30ಕ್ಕೆ ಬರ್ತೀಯ. 4:45ಕ್ಕೆ ಅಜ್ಜನ್ನ ಹೊರಳಿಸು, ಡಯಾಪರ್ ನೋಡು, ಅಜ್ಜಿಯ ಶುಗರ್ ಬರೆದುಕೋ. ಮುಂದಿನ ಮಗ್ಗುಲು 6:45ಕ್ಕೆ. ಪ್ರಾಕ್ಟೀಸ್ ಸರಿಯಾಗಿ ಮಧ್ಯದಲ್ಲಿ ಕೂತಿದೆ. ಆ ಹೊತ್ತಿಗೆ ಫೋನ್ ಎತ್ತುವ ಒಬ್ಬ ಪಕ್ಕದ ಮನೆಯವರ ನಂಬರ್ ದೊಡ್ಡ ಅಕ್ಷರದಲ್ಲಿ ಅಜ್ಜಿಯ ಎದುರು ಗೋಡೆಗೆ ಅಂಟಿಸು.

ಉತ್ತರ: ಫಾರ್ಮಸಿಸ್ಟ್

ಅಜ್ಜಿಯ ಇನ್ಸುಲಿನ್ ಬಗ್ಗೆ ಒಂದು ಸೇರಿಸುತ್ತೇನೆ, ಊಟ ಸರಿಹೋದರೂ ಶುಗರ್ ಇಳಿಯುತ್ತಿದ್ದರೆ ಇದನ್ನು ನೋಡಿ. ನಮ್ಮಲ್ಲಿ ಬಾಟಲಿಯಲ್ಲಿ ಬರೋ ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಪೆನ್ನು ಕೆಟ್ಟಿದೆ ಅಂತ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು 20 ಅಲ್ಲ, 50 ಯೂನಿಟ್. ಪ್ರಾಣಕ್ಕೆ ಬರುತ್ತೆ. ಅದಲುಬದಲಾಗಿ 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿದರೆ 20ರ ಬದಲು 8 ಯೂನಿಟ್ ಮಾತ್ರ. ಪ್ರತಿ ತಿಂಗಳು ತರುವಾಗ ಬಾಟಲಿ, ಸಿರಿಂಜ್ ಎರಡರ ಮೇಲಿನ ಅಂಕಿ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.

30/70 ಬಿಳಿಯಾಗಿ ಮೋಡದ ಹಾಗಿರುತ್ತೆ, ನಿಂತರೆ ತಳಕ್ಕೆ ಕೂರುತ್ತೆ. ಎಳೆಯುವ ಮುಂಚೆ ಎರಡು ಅಂಗೈ ಮಧ್ಯೆ ಹತ್ತು ಸಲ ಉರುಳಿಸಿ, ಜೋರಾಗಿ ಕುಲುಕಬೇಡಿ. ತೆರೆದ ದಿನಾಂಕ ಬಾಟಲಿ ಮೇಲೆ ಬರೆಯಿರಿ. 28 ದಿನ ಆದ ಮೇಲೆ ಉಳಿದಿದ್ದರೂ ಬಿಸಾಡಿ. ಫ್ರಿಜ್ಜಿನ ಐಸ್ ಬಾಕ್ಸ್‌ನಲ್ಲಿಟ್ಟು ಗಟ್ಟಿಯಾದದ್ದು ಕರಗಿದ ಮೇಲೂ ಉಪಯೋಗಕ್ಕಿಲ್ಲ.

ಅಜ್ಜನ ಮಾತ್ರೆ ನುಂಗೋಕೆ ಕಷ್ಟ ಅಂತ ಎಲ್ಲವನ್ನೂ ಕುಟ್ಟಿ ಪುಡಿ ಮಾಡ್ತಿದ್ದರೆ ನಿಲ್ಲಿಸಿ. ಪಟ್ಟಿಯ ಮೇಲೆ ಎಸ್‌ಆರ್, ಎಕ್ಸ್‌ಎಲ್ ಅಂತ ಇರುವುದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಂದೇ ಸಲ ಇಳಿಯುತ್ತೆ. ಅದಕ್ಕೆ ಬದಲಿ ಇದೆಯಾ ಅಂತ ಡಾಕ್ಟರನ್ನು ಕೇಳಿ.

ಉತ್ತರ: ಫಿಸಿಯೋಥೆರಪಿಸ್ಟ್

ವಾಲಿಬಾಲ್ ಆಡೋ ಹುಡುಗಿ, ಬೆನ್ನು ಉಳಿಸಿಕೊಳ್ಳಬೇಕು. ಅಜ್ಜನ್ನ ಕುರ್ಚಿಗೆ ಕೂರಿಸುವಾಗ ಕುರ್ಚಿ ಅವರ ಎಡಕ್ಕೆ, ಅಂದರೆ ಶಕ್ತಿ ಇರೋ ಕಡೆಗೆ, ಮಂಚಕ್ಕೆ ತಾಗಿ ಓರೆಯಾಗಿರಲಿ. ವೀಲ್‌ಚೇರ್ ಆದರೆ ಬ್ರೇಕ್. ಅಜ್ಜನ ಎರಡೂ ಪಾದ ನೆಲಕ್ಕೆ, ಹಿಮ್ಮಡಿ ಮೊಣಕಾಲಿಗಿಂತ ಹಿಂದೆ. ನೀನು ಎದುರು ನಿಂತು ನಿನ್ನ ಮೊಣಕಾಲಿಂದ ಅವರ ಬಲ ಮೊಣಕಾಲನ್ನು ತಡೆ, ಇಲ್ಲದಿದ್ರೆ ಅದು ಮಡಚಿಕೊಳ್ಳುತ್ತೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನೇ ಹಿಡಿ. "ಮುಂದಕ್ಕೆ ಬಾಗಿ ಅಜ್ಜ" ಅನ್ನು. ತಲೆ ಮೊಣಕಾಲು ದಾಟಿ ಮುಂದೆ ಬಂದಾಗ ಕುಂಡೆ ತಾನಾಗಿ ಹಗುರಾಗುತ್ತೆ.

ಬಲಗೈ ಹಿಡಿದು ಎಳೆಯೋದು, ಕಂಕುಳಿಗೆ ಕೈ ಹಾಕಿ ಎತ್ತೋದು ಯಾವತ್ತೂ ಬೇಡ. ಲಕ್ವ ಆದ ಭುಜದ ಸ್ನಾಯು ಸಡಿಲ ಇರೋದರಿಂದ ಕೀಲು ಜಾರುತ್ತೆ, ಆಮೇಲಿನ ನೋವು ತಿಂಗಳುಗಟ್ಟಲೆ. ನಿನ್ನ ಕುತ್ತಿಗೆಗೆ ಜೋತುಬೀಳೋಕೂ ಬಿಡಬೇಡ. ಎಡಗಾಲು ಸೋತ ದಿನ ಒಬ್ಬಳೇ ಎಬ್ಬಿಸೋ ಪ್ರಯತ್ನವೇ ಬೇಡ, ಮಂಚದಲ್ಲೇ ದಿಂಬು ಕೊಟ್ಟು ಕೂರಿಸು.

ಊಟದ ಬಗ್ಗೆಯೂ ಹೇಳಿಬಿಡ್ತೀನಿ. ಚೊಂಬು ಎತ್ತಿ ಬಾಯಿಗೆ ನೀರು ಸುರಿಯೋದು ನಮ್ಮ ಮನೆಗಳ ಅಭ್ಯಾಸ. ಲಕ್ವ ಆದವರಿಗೆ ಇದಕ್ಕಿಂತ ಅಪಾಯ ಬೇರೆ ಇಲ್ಲ: ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ಬಾಗಿಲು ತೆರೆದುಕೊಳ್ಳುತ್ತೆ, ನೀರು ಶ್ವಾಸಕೋಶಕ್ಕೆ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ, ಚಮಚದಲ್ಲಿ. ತೆಳು ನೀರಿಗಿಂತ ಗಟ್ಟಿ ಗಂಜಿ, ರಾಗಿ ಅಂಬಲಿ ಸುಲಭ. ಬಲ ಕೆನ್ನೆಯೊಳಗೆ ಅನ್ನ ಉಳಿದಿದೆಯಾ ನೋಡು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡ. ಉಣ್ಣುವಾಗ ಕೆಮ್ಮು, ಆಮೇಲೆ ಗಂಟಲಲ್ಲಿ ಗೊರಗೊರ ದನಿ ಕೇಳಿದ್ರೆ ನುಂಗುವ ಪರೀಕ್ಷೆ ಮಾಡಿಸಬೇಕು.

ಮರುಪ್ರಶ್ನೆ: ವಿದ್ಯಾರ್ಥಿನಿ

ಅಜ್ಜಿ ಊಟ ಹೌದು ಸಿಸ್ಟರ್, ಎರಡೂವರೆಗೇ. ಸಿರಿಂಜ್ ಕೆಂಪೇ ಇದೆ ಸರ್, ಬಾಟಲಿ 40. ಇನ್ನು ಮೂರು ಪ್ರಶ್ನೆ. ಚಿಕ್ಕಪ್ಪ "ಹುಡುಗಿ ಮನೇಲೇ ಇದಾಳಲ್ಲ" ಅಂತಾರೆ, ಏನು ಹೇಳಲಿ? ನಿನ್ನೆಯಿಂದ ಅಜ್ಜ ಸಂಜೆ ನನ್ನನ್ನ ಅತ್ತೆ ಹೆಸರಲ್ಲಿ ಕರೀತಾರೆ, ಗೋಡೆ ಮೇಲೆ ಯಾರೋ ಇದಾರೆ ಅಂತಾರೆ, ವಯಸ್ಸಿಗೆ ಹೀಗಾಗುತ್ತಾ? ಓದೋಕೆ ಒಂದೇ ಸಮ ಎರಡು ಗಂಟೆ ಸಿಗಲ್ಲ, ಏನ್ಮಾಡ್ಲಿ?

ಉತ್ತರ: ಹಿರಿಯರ ಆರೈಕೆ ನರ್ಸ್

ಎರಡನೇ ಪ್ರಶ್ನೆ ಮೊದಲು, ಅದು ಇವತ್ತಿನ ಕೆಲಸ. ವರ್ಷಗಟ್ಟಲೆ ನಿಧಾನವಾಗಿ ಬರೋ ಮರೆವು ಬೇರೆ, ನಿನ್ನೆಯಿಂದ ಶುರುವಾದ ಗೊಂದಲ ಬೇರೆ. ಹೀಗೆ ದಿಢೀರನೆ ಬಂದಿದ್ದರೆ ಹಿಂದೆ ಏನೋ ಕಾರಣ ಇರುತ್ತೆ: ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರೋದು, ಸೋಡಿಯಂ ಇಳಿದಿರೋದು, ಹೊಸ ಮಾತ್ರೆ. ಜ್ವರ ಎಷ್ಟು, ಕೊನೆಗೆ ಮಲ ಹೋಗಿದ್ದು ಯಾವತ್ತು, ಮೂತ್ರದ ಬಣ್ಣ ಮತ್ತು ವಾಸನೆ, ಈ ವಾರ ಯಾವ ಮಾತ್ರೆ ಬದಲಾಯ್ತು, ಇಷ್ಟು ಬರೆದುಕೊಂಡು ಇವತ್ತೇ ದೊಡ್ಡವರೊಬ್ಬರು ಡಾಕ್ಟರ ಹತ್ತಿರ ಹೋಗಲಿ.

ಅದರ ಜೊತೆ ಬಾಯಿ ಹೊಸದಾಗಿ ಸೊಟ್ಟಗಾದರೆ, ಎಡಗೈಯೂ ಬಿದ್ದರೆ, ಮಾತು ತೊದಲಿದರೆ ಮಾತ್ರ ಕಾಯಬೇಡ, 108. ಅಜ್ಜ ಕೊನೆಯ ಸಲ ಮೊದಲಿನಂತೆಯೇ ಇದ್ದದ್ದು ಎಷ್ಟು ಗಂಟೆಗೆ ಅನ್ನೋದನ್ನ ಬರೆದಿಡು. ಹೆಪ್ಪು ಕರಗಿಸೋ ಚುಚ್ಚುಮದ್ದಿಗೆ ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಅವಕಾಶ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಬೇಕು.

ಉತ್ತರ: ವಕೀಲೆ

ಚಿಕ್ಕಪ್ಪನಿಗೆ ಹೇಳಬೇಕಾದ್ದು ನೀನಲ್ಲ, ನಿನ್ನಪ್ಪ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರಲ್ಲಿ ಮಗ, ಮಗಳು, ಮೊಮ್ಮಕ್ಕಳು ಎಲ್ಲರಿಗೂ ಹೊಣೆ ಇದೆ, ಆದರೆ ಅಪ್ರಾಪ್ತರನ್ನು ಅದರ ವ್ಯಾಖ್ಯೆಯೇ ಹೊರಗಿಟ್ಟಿದೆ. 17ರ ಹುಡುಗಿಗೆ ಕಾನೂನಿನ ಹೊಣೆ ಇಲ್ಲ, ಚಿಕ್ಕಪ್ಪನಿಗಿದೆ. ಮಾತಿಗೆ ಬಗ್ಗದಿದ್ದರೆ ಅಜ್ಜಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ಆದರೆ ಅದರಿಂದ ಸಿಗೋದು ತಿಂಗಳ ಪೋಷಣೆಯ ಹಣ, ರಾತ್ರಿ 2ಕ್ಕೆ ಎದ್ದು ಬರೋ ಕೈ ಅಲ್ಲ. ಅದಕ್ಕೆ ಮೊದಲು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಸಲಹೆ ಕೇಳಿ. ಚಿಕ್ಕಪ್ಪ ಬರಲಾರೆ ಅಂದರೆ ರಾತ್ರಿಯ ಆಯಾಳ ಸಂಬಳ ಕೊಡಲಿ. ಈ ಮಾತು ಹೆಚ್ಚಿನ ಮನೆಗಳಲ್ಲಿ ನಡೆಯುತ್ತೆ.

ಉತ್ತರ: ಪಿಯು ಉಪನ್ಯಾಸಕ, ಭೌತಶಾಸ್ತ್ರ

ಒಂದೇ ಸಮ ಎರಡು ಗಂಟೆ ಬೇಕಾಗಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯಲ್ಲ. ಅಂದರೆ ವಾರಕ್ಕೆ ಎರಡು ಸಲ 80 ನಿಮಿಷದ ಪೂರ್ತಿ ಪತ್ರಿಕೆ ಬರೆದು ಅಭ್ಯಾಸ ಆದರೆ ಸಾಕು. ಅದನ್ನು ಅಪ್ಪ ಮನೆಯಲ್ಲಿರೋ ಭಾನುವಾರಕ್ಕೆ ಇಟ್ಟುಕೋ. ದಿನದ ಓದು 40 ನಿಮಿಷದ ತುಂಡು: ಲೆಕ್ಕ, ಭೌತಶಾಸ್ತ್ರದ ಸಮಸ್ಯೆಗಳು ಅಮ್ಮ ಬಂದ ಮೇಲೆ, ಬಾಗಿಲು ಹಾಕಿಕೊಂಡು. ಅಜ್ಜನ ಪಕ್ಕ ಕೂತಾಗ ಸಾವಯವ ರಸಾಯನದ ಕ್ರಿಯೆಗಳು, ಸೂತ್ರಗಳು. ಅದು ಮಧ್ಯೆ ತುಂಡಾದರೂ ನಷ್ಟವಿಲ್ಲ.

ಹಾಜರಾತಿ 75 ಶೇಕಡಾಕ್ಕಿಂತ ಇಳಿಯದ ಹಾಗೆ ನೋಡಿಕೋ, ಅಜ್ಜಿಯ ತಪಾಸಣೆಗೆಲ್ಲ ನೀನೇ ರಜೆ ಹಾಕಬೇಡ. ಪಿಯು ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಇದೆ, ಒಂದು ಕೆಟ್ಟರೆ ಇನ್ನೊಂದು ಬರೆಯಬಹುದು. ಸಿಇಟಿಗೆ ಆ ಸೌಲಭ್ಯ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅರ್ಧ, ಸಿಇಟಿ ಅರ್ಧ.

ಮರುಪ್ರಶ್ನೆ: ವಿದ್ಯಾರ್ಥಿನಿ

ಸಿಇಟಿ ದಿನವೇ ಅಜ್ಜನಿಗೆ ಜಾಸ್ತಿ ಆದ್ರೆ?

ಉತ್ತರ: ಹಿರಿಯರ ಆರೈಕೆ ನರ್ಸ್

ಅದನ್ನು ಈಗಲೇ ಮನೆಯಲ್ಲಿ ತೀರ್ಮಾನ ಮಾಡಿಡಿ. ಪರೀಕ್ಷೆ ದಿನಗಳಿಗೆ ಅಮ್ಮನೋ ಅಪ್ಪನೋ ಮುಂಚೆಯೇ ರಜೆ ಬರೆದುಕೊಡಲಿ. ಆಂಬುಲೆನ್ಸ್ ಹತ್ತೋದು ಯಾರು, ಅಜ್ಜಿ ಜೊತೆ ಉಳಿಯೋದು ಯಾರು ಅಂತ ಹೆಸರು ಹಾಕಿ ಬರೆಯಿರಿ. ಎರಡರಲ್ಲೂ ನಿನ್ನ ಹೆಸರು ಬೇಡ. ಒಂದು ಫೈಲ್ ಮಾಡಿ ಬಾಗಿಲ ಹಿಂದೆ ತೂಗುಹಾಕಿ: ಡಿಸ್ಚಾರ್ಜ್ ಸಮ್ಮರಿ, ಈಗಿನ ಮಾತ್ರೆಗಳ ಪಟ್ಟಿ ಡೋಸ್ ಮತ್ತು ಹೊತ್ತಿನ ಸಮೇತ, ಅಲರ್ಜಿ, ಕೊನೆಯ ಇಸಿಜಿ, ಸ್ಕ್ಯಾನ್ ವರದಿ, ಆಧಾರ್, ಆರೋಗ್ಯ ಕಾರ್ಡ್, ರೇಷನ್ ಕಾರ್ಡ್‌ಗಳ ಜೆರಾಕ್ಸ್. ಅಜ್ಜನದು, ಅಜ್ಜಿಯದು ಬೇರೆ ಬೇರೆ ಫೈಲ್, ಒಂದರೊಳಗೆ ಇನ್ನೊಂದು ಸೇರಿದರೆ ತುರ್ತಿನಲ್ಲಿ ತಪ್ಪು ಮಾತ್ರೆ ಹೋಗುತ್ತೆ. ಮಾತ್ರೆ ಬದಲಾದ ದಿನವೇ ಪಟ್ಟಿ ಬದಲಿಸಬೇಕು, ಹಳೇದನ್ನ ಹರಿದುಹಾಕಬೇಕು.

ರಾತ್ರಿ ನಿದ್ದೆ ಸರಿಹೋದ ಮೇಲೂ ಎರಡು ವಾರ ಅಳು, ಸಿಟ್ಟು, ಪುಸ್ತಕ ಮುಟ್ಟೋಕೇ ಬೇಡ ಅನ್ನೋದು ಹಾಗೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.