ಸ್ಪೆನ್ಸರ್ ವೆಲ್ಸ್, ಕೋಚರ್, ಆಲಿಸ್: ಇವೆಲ್ಲ ಯಾರು ಸಿಸ್ಟರ್?

ಪ್ರಶ್ನೆ: ನಮಸ್ತೆ ಸಿಸ್ಟರ್, ನಾನು ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ ಫಸ್ಟ್ ಇಯರ್. ಇನ್‌ಸ್ಟ್ರುಮೆಂಟ್ ವೈವಾಗೆ (ಬಾಯಿ ಪರೀಕ್ಷೆಗೆ) ಓದ್ತಾ ಇದೀನಿ, ಒಂದೂ ತಲೇಲಿ ನಿಲ್ತಿಲ್ಲ, ಟ್ರೇಲಿ ಎಲ್ಲಾ ಕತ್ತರಿ ಥರಾನೇ ಕಾಣತ್ತೆ. ಸ್ಪೆನ್ಸರ್ ವೆಲ್ಸ್, ಕೋಚರ್, ಆಲಿಸ್, ಬಾಬ್‌ಕಾಕ್ ಇವೆಲ್ಲ ಡಾಕ್ಟರ್ ಹೆಸರಾ, ಕಂಪನಿ ಹೆಸರಾ? ಅವರೇ ಕಂಡುಹಿಡಿದಿದ್ದಾ?

ಉತ್ತರ (ಓಟಿ ಸಿಸ್ಟರ್): ಎಲ್ಲಾ ಸರ್ಜನ್‌ಗಳ ಹೆಸರೇ ಕಣಪ್ಪ. ಆದ್ರೆ "ಅವರೇ ಕಂಡುಹಿಡಿದ್ರು" ಅನ್ನೋದನ್ನ ಮಾತ್ರ ಪೂರ್ತಿ ನಂಬಬೇಡ. ನಾವು ದಿನಾ ನೂರು ಸಲ "ಆರ್ಟರಿ ಆರ್ಟರಿ" ಅಂತೀವಲ್ಲ, ರಕ್ತನಾಳ ಹಿಡಿಯೋ ಇಕ್ಕಳ, ಅಂದ್ರೆ ಆರ್ಟರಿ ಫೋರ್ಸೆಪ್ಸ್, ಅದನ್ನೇ ತಗೋ. 1860ರ ದಶಕದಲ್ಲಿ ಪ್ಯಾರಿಸ್ಸಲ್ಲಿ ಪೆಯಾನ್, ಸ್ಟ್ರಾಸ್‌ಬರ್ಗ್‌ನಲ್ಲಿ ಕೋಬರ್ಲೆ, ಇಬ್ಬರೂ ಇದೇ ಥರದ್ದು ಬಳಸೋಕೆ ಶುರು ಮಾಡಿದ್ರು, ನಾನು ಮೊದಲು ನಾನು ಮೊದಲು ಅಂತ ಜಗಳಾನೂ ಆಡ್ಕೊಂಡ್ರು. ಆಮೇಲೆ ಲಂಡನ್ನಿನ ಸ್ಪೆನ್ಸರ್ ವೆಲ್ಸ್ ಅದನ್ನ ತಿದ್ದಿ ತನ್ನ ರೀತೀಲಿ ಮಾಡಿಸ್ಕೊಂಡ, ಅಂಡಾಶಯದ ಗೆಡ್ಡೆ ಆಪರೇಷನ್‌ಗಳನ್ನ ಸಾವಿರಕ್ಕೂ ಜಾಸ್ತಿ ಮಾಡಿದ ಮನುಷ್ಯ ಅವನು, ಹಂಗಾಗಿ ನಮ್ಮ ಕೈಗೆ ಬಂದಿದ್ದು ಅವನ ಹೆಸರು. ಪ್ಯಾರಿಸ್ ಕಡೆಯವರನ್ನ ಕೇಳಿದ್ರೆ ಪೆಯಾನ್ ಅಂತಾರೆ.

ಅದರ ಮಜಾ ಇರೋದು ಬೆರಳು ಹಾಕೋ ಕಡೆ ಇರೋ ರ್ಯಾಚೆಟ್‌ನಲ್ಲಿ. ಒತ್ತಿದ್ರೆ ಟಕ್ ಟಕ್ ಅಂತ ಲಾಕ್ ಆಗತ್ತೆ, ಕೈ ಬಿಟ್ರೂ ರಕ್ತನಾಳ ಹಿಡ್ಕೊಂಡೇ ಇರತ್ತೆ. ಲಾಕ್ ಇರೋ ಫೋರ್ಸೆಪ್ಸ್ ಮುಂಚೆನೂ ಇತ್ತು, ಆದ್ರೆ ಒಂದೇ ಆಪರೇಷನ್ನಲ್ಲಿ ಎಂಟು ಹತ್ತು ಕಡೆ ಹಿಡಿದಿಟ್ಟು ಆಮೇಲೆ ನಿಧಾನಕ್ಕೆ ಒಂದೊಂದೇ ಕಟ್ಟೋ ಅಭ್ಯಾಸ ಬಂದಿದ್ದು ಇವರಿಂದ.

ಕಾಮೆಂಟ್: ಸಿಸ್ಟರ್, ಇದೆಲ್ಲ ನಮ್ಮ ಸುಶ್ರುತ ಆವಾಗ್ಲೇ ಮಾಡಿ ಮುಗಿಸಿದ್ದ. ಇವರೆಲ್ಲ ಕಾಪಿ.

ಉತ್ತರ: ಕಾಪಿ ಅನ್ನೋಕೆ ಆಗಲ್ಲ ಸರ್, ರ್ಯಾಚೆಟ್ ಅಲ್ಲಿಲ್ಲ. ಆದ್ರೆ ಸುಶ್ರುತ ಸಂಹಿತೆ ಓದಿದ್ರೆ ನಿಜವಾಗ್ಲೂ ಆಶ್ಚರ್ಯ ಆಗತ್ತೆ. 101 ಯಂತ್ರ (ಮೊಂಡು ಸಾಧನ), 20 ಶಸ್ತ್ರ (ಹರಿತವಾದ್ದು) ಅಂತ ಲೆಕ್ಕ ಕೊಟ್ಟಿದಾರೆ. ಅದರಲ್ಲಿ ಸ್ವಸ್ತಿಕ ಯಂತ್ರ 24, ನಮ್ಮ ಫೋರ್ಸೆಪ್ಸ್ ಥರ ಎರಡು ತೋಳು ಅಡ್ಡ ಸೇರೋವು, ಮೂತಿ ಮಾತ್ರ ಸಿಂಹ, ಹುಲಿ, ಕಾಗೆ ಹಿಂಗೆ. ಎಲ್ಲದಕ್ಕಿಂತ ಒಳ್ಳೇದು ಕಂಕಮುಖ, ಉದ್ದ ಕೊಕ್ಕಿನ ಹಕ್ಕಿ ಮೂತಿದು, ಯಾಕಂದ್ರೆ ಸುಲಭವಾಗಿ ಒಳಗೆ ಹೋಗತ್ತೆ, ಸುಲಭವಾಗಿ ಆಚೆ ಬರತ್ತೆ ಅಂತ. ಇನ್ನೂ ಒಂದು ಮಾತಿದೆ, ಯಂತ್ರಗಳಲ್ಲಿ ಮುಖ್ಯವಾದ್ದು ಕೈ ಅಂತ. ಫ್ರಾನ್ಸಿನ ಆಂಬ್ರೋಸ್ ಪಾರೆ 1552ರಲ್ಲಿ ಕಾಲು ಕತ್ತರಿಸಿದಾಗ ಕಾದ ಕಬ್ಬಿಣ ಇಟ್ಟು ಸುಡೋದು ಬಿಟ್ಟು ರಕ್ತನಾಳಕ್ಕೆ ದಾರ ಕಟ್ಟಿದ, ಅವನು ಬಳಸ್ತಿದ್ದ ಇಕ್ಕಳದ ಹೆಸರೂ "ಕಾಗೆ ಕೊಕ್ಕು"!

ಪ್ರಶ್ನೆ: ಸಿಸ್ಟರ್, ಹೊಸಾದು ಕಂಡುಹಿಡಿದವರು ಯಾರಿಗೂ ಹೇಳದೆ ಮುಚ್ಚಿಟ್ಕೊಂಡಿದ್ದು ಇದ್ಯಾ?

ಉತ್ತರ: ಅಯ್ಯೋ, ಹೆರಿಗೆ ಫೋರ್ಸೆಪ್ಸ್, ಅಂದ್ರೆ ಮಗುವಿನ ತಲೆ ಹಿಡಿದು ಆಚೆ ಎಳೆಯೋ ಇಕ್ಕಳ, ಅದರ ಕಥೆ ಕೇಳಿಲ್ವಾ? 1600ರ ಆಸುಪಾಸು ಲಂಡನ್ನಲ್ಲಿ ಚೇಂಬರ್ಲೆನ್ ಅಂತ ಒಂದು ಕುಟುಂಬ, ಅಪ್ಪ ಮಗ ಮೊಮ್ಮಗ ಎಲ್ಲಾ ಹೆರಿಗೆ ಮಾಡಿಸೋರು. ನೂರು ವರ್ಷಕ್ಕೂ ಜಾಸ್ತಿ ಅದನ್ನ ಮನೆಯವರಲ್ಲೇ ಗುಟ್ಟಾಗಿಟ್ರು. ದೊಡ್ಡ ಪೆಟ್ಟಿಗೇಲಿ ಹೊತ್ಕೊಂಡು ಹೋಗ್ತಿದ್ರಂತೆ, ಹೆರೋಳ ಕಣ್ಣಿಗೂ ಬಟ್ಟೆ ಕಟ್ತಿದ್ರಂತೆ. 1670ರಲ್ಲಿ ಅದೇ ಮನೆಯ ಹ್ಯೂ ಚೇಂಬರ್ಲೆನ್ ಪ್ಯಾರಿಸ್ಸಿಗೆ ಹೋಗಿ ಗುಟ್ಟನ್ನ ಮಾರೋಕೆ ನೋಡಿದ. ಅಲ್ಲಿ ಮಾರಿಸೋ ಅನ್ನೋ ಹೆಸರಾಂತ ಪ್ರಸೂತಿ ವೈದ್ಯ, ಸೊಂಟದ ಮೂಳೆ ಪೂರ್ತಿ ಸೊಟ್ಟಗಿದ್ದ ಒಬ್ಬ ಹೆಂಗಸಿನ ಹೆರಿಗೆ ಮಾಡಿಸಿ ತೋರ್ಸು ಅಂದ. ಮೂರು ಗಂಟೆ ಒದ್ದಾಡಿದ, ಆಗ್ಲಿಲ್ಲ, ಆಕೆ ಸತ್ತೋದ್ಲು. ಕೊನೆಗೆ 1813ರಲ್ಲಿ ಎಸೆಕ್ಸ್‌ನಲ್ಲಿದ್ದ ಅವರ ಹಳೇ ಮನೆ ನೆಲದ ಹಲಗೆ ಕೆಳಗೆ ಆ ಫೋರ್ಸೆಪ್ಸ್ ಸಿಕ್ಕಿದ್ವು. ಗುಟ್ಟಾಗಿಟ್ಟ ಅಷ್ಟು ವರ್ಷದಲ್ಲಿ ಅದು ಎಲ್ಲರ ಕೈಗೂ ಸಿಕ್ಕಿದ್ರೆ ಎಷ್ಟು ಜನ ಬದುಕ್ತಿದ್ರೋ, ನಂಗಂತೂ ಇವತ್ತಿಗೂ ಸಿಟ್ಟು ಬರತ್ತೆ.

ಕಾಮೆಂಟ್: ಸಿಮ್ಸ್ ಸ್ಪೆಕ್ಯುಲಂ ಬಗ್ಗೆನೂ ಹೇಳಿ ಮೇಡಂ, ಏನೋ ವಿವಾದ ಇದೆ ಅಂತಾರಲ್ಲ.

ಉತ್ತರ: ಹೌದು. ಅಮೆರಿಕದ ಅಲಬಾಮದಲ್ಲಿ ಮೇರಿಯನ್ ಸಿಮ್ಸ್ ಅನ್ನೋ ಡಾಕ್ಟರ್, ಚಮಚ ಬಗ್ಗಿಸಿ ಮಾಡ್ಕೊಂಡಿದ್ದು ಅದು, ಯೋನಿ ಅಗಲಿಸಿ ಒಳಗೆ ನೋಡೋ ಸಾಧನ. ಹೆರಿಗೆಯಲ್ಲಿ ಮೂತ್ರಕೋಶಕ್ಕೆ ತೂತಾಗಿ ಸದಾ ಸೋರೋ ಕಾಯಿಲೆಗೆ 1845ರಿಂದ 49ರ ತನಕ ಆಪರೇಷನ್ ಮಾಡಿ ಮಾಡಿ ಕಲಿತ, ಆದ್ರೆ ಯಾರ ಮೇಲೆ? ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ. ಅನಾರ್ಕಾ ಅನ್ನೋ ಹುಡುಗಿಗೆ ಸುಮಾರು ಮೂವತ್ತು ಸಲ. ಲೂಸಿ, ಬೆಟ್ಸಿ ಅಂತ ಇನ್ನಿಬ್ಬರ ಹೆಸರೂ ಉಳ್ಕೊಂಡಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿದ್ದ ಅವನ ಪ್ರತಿಮೆ 2018ರಲ್ಲಿ ತೆಗೆದ್ರು. ಸ್ಪೆಕ್ಯುಲಂ ಮಾತ್ರ ಇವತ್ತೂ ಟ್ರೇಲಿ ಅವನ ಹೆಸರಲ್ಲೇ ಇದೆ.

ಪ್ರಶ್ನೆ (ಮೊದಲು ಕೇಳಿದವನು): ಸಿಸ್ಟರ್, ವೈವಾಲಿ ಕೋಚರ್ ಯಾವ್ದು ಆರ್ಟರಿ ಯಾವ್ದು ಅಂತ ಹೆಂಗೆ ಹೇಳೋದು?

ಉತ್ತರ: ತುದಿ ನೋಡು, ಹಿಡಿ ಅಲ್ಲ. ಕೋಚರ್ ತುದೀಲಿ ಇಲಿ ಹಲ್ಲಿನ ಥರ ಒಂದು ಕಡೆ ಒಂದು, ಎದುರು ಕಡೆ ಎರಡು ಹಲ್ಲು ಇರತ್ತೆ, ಹಿಡಿದದ್ದು ಜಾರಲ್ಲ. ಆರ್ಟರಿಗೆ ಅಡ್ಡಗೆರೆ ಅಷ್ಟೇ. ಕೋಚರ್ ಅಂದ್ರೆ ಸ್ವಿಸ್ ಸರ್ಜನ್, ಬರ್ನ್ ಊರಿನವನು, ರಕ್ತ ಹರಿಯೋದನ್ನ ಅಷ್ಟು ಹಿಡಿತದಲ್ಲಿ ಇಟ್ಕೊಂಡು ಥೈರಾಯ್ಡ್ ಆಪರೇಷನ್ ಮಾಡ್ತಿದ್ದ ಅಂದ್ರೆ ಸಾವು ನೂರಕ್ಕೆ ಒಂದಕ್ಕಿಂತ ಕೆಳಗೆ ಬಂತು, 1909ರಲ್ಲಿ ನೊಬೆಲ್ ಬಂತು. ಆಲಿಸ್‌ಗೆ ತುದೀಲಿ ಸಣ್ಣ ಸಣ್ಣ ಹಲ್ಲಿನ ಸಾಲು. ಬಾಬ್‌ಕಾಕ್‌ಗೆ ಹಲ್ಲಿಲ್ಲ, ನಡುವೆ ಕಿಟಕಿ ಥರ ಖಾಲಿ, ಕರುಳು ಹಿಡಿಯೋಕೆ ಅದೇ ಬೇಕು. ನಾನು ಹೊಸದ್ರಲ್ಲಿ ಕರುಳಿನ ಕೇಸಲ್ಲಿ ಬಾಬ್‌ಕಾಕ್ ಕೇಳಿದ್ರೆ ಆಲಿಸ್ ಕೊಟ್ಟು ಎಲ್ಲರ ಮುಂದೆ ಬೈಸ್ಕೊಂಡಿದೀನಿ, ಅವತ್ತಿಂದ ಕೈಗೆ ಕೊಡೋ ಮುಂಚೆ ತುದಿ ನೋಡದೆ ಕೊಟ್ಟಿಲ್ಲ.