‘ಚೋಮನ ದುಡಿ’ಯ ಆಶಯ ‘ಅಸ್ಪೃಶ್ಯತೆ’ ಅಂತ ಬರೆದರೆ ಯಾಕೆ ಸಾಲದು?

ಬೆಳಗಿನ ಬಸ್ಸು:

ಎಲ್ಲರಿಗೂ ನಮಸ್ಕಾರ. ಬಿ.ಎ. ಎರಡನೇ ವರ್ಷ, ಐಚ್ಛಿಕ ಕನ್ನಡ ಓದುತ್ತಿದ್ದೇನೆ. ಶಿವರಾಮ ಕಾರಂತರ ‘ಚೋಮನ ದುಡಿ’ ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ದರು, ‘ಕಾದಂಬರಿಯ ಆಶಯವನ್ನು ಗುರುತಿಸಿ ಚರ್ಚಿಸಿ’ ಅಂತ. ಪುಸ್ತಕ ಪೂರ್ತಿ ಓದಿದೆ, ಕೊನೆಯ ಪುಟಗಳಲ್ಲಿ ಅಳು ಬಂತು. ನಾಲ್ಕು ಪುಟ ಬರೆದೆ. ಮೊದಲ ಸಾಲೇ ‘ಈ ಕಾದಂಬರಿಯ ಆಶಯ ಅಸ್ಪೃಶ್ಯತೆ’ ಅಂತ ಇತ್ತು. ವಾಪಸ್ ಬಂದಾಗ ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ‘ಇದು ವಸ್ತು. ಆಶಯ ಎಲ್ಲಿ?’ ಅಂತ ಬರೆದಿದ್ದರು. ಉಳಿದ ಪುಟಗಳ ಪಕ್ಕ ಉದ್ದಕ್ಕೆ ಒಂದು ಗೆರೆ ಎಳೆದು ‘ಕಥಾಸಾರ’ ಅಂತ ಬರೆದಿದ್ದರು.

ಎರಡಕ್ಕೂ ಏನು ವ್ಯತ್ಯಾಸ? ಹೈಸ್ಕೂಲಿನಲ್ಲಿ ಪಾಠದ ಆಶಯವನ್ನು ಮೇಷ್ಟ್ರೇ ಹೇಳಿಬಿಡುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ನಾವೇ ಹುಡುಕುವುದನ್ನು ಯಾರೂ ಕಲಿಸಲಿಲ್ಲ. ಓದುವಾಗ ಏನೋ ತಟ್ಟುತ್ತದೆ, ಬರೆಯಲು ಕೂತರೆ ಒಂದೇ ಪದ ಬರುತ್ತದೆ. ನೀವೆಲ್ಲ ಹೇಗೆ ಹುಡುಕುತ್ತೀರಿ, ದಯವಿಟ್ಟು ಹೇಳಿ.

ಪುತ್ತೂರಿನ ಮೇಷ್ಟ್ರು:

ಪುಸ್ತಕ ಓದಿ ಅಳು ಬಂದಿದೆ ಅಂದರೆ ಆಶಯ ನಿಮಗೆ ಮುಟ್ಟಿದೆ. ಅದನ್ನು ಮಾತಿಗೆ ತರುವುದಷ್ಟೇ ಉಳಿದಿರುವುದು.

ವಸ್ತು ಅಂದರೆ ಕೃತಿ ಯಾವುದರ ಬಗ್ಗೆ ಅನ್ನುವುದು. ಅದನ್ನು ಒಂದು ಪದದಲ್ಲಿ ಹೇಳಬಹುದು: ಅಸ್ಪೃಶ್ಯತೆ, ಜೀತ, ಸಾಲ. ಆಶಯಕ್ಕೆ ಒಂದು ಪದ ಸಾಲುವುದಿಲ್ಲ, ಅದಕ್ಕೆ ಒಂದು ಪೂರ್ತಿ ವಾಕ್ಯ ಬೇಕು. ಅಸ್ಪೃಶ್ಯತೆ ಬಗ್ಗೆ ಈ ಕೃತಿ ಏನು ಕಂಡುಕೊಂಡಿದೆ, ಏನು ಕೇಳುತ್ತಿದೆ ಅನ್ನುವುದು ಆ ವಾಕ್ಯದಲ್ಲಿ ಇರಬೇಕು. ಅಸ್ಪೃಶ್ಯತೆಯ ಮೇಲೆ ಕನ್ನಡದಲ್ಲಿ ಎಷ್ಟೋ ಕಥೆಗಳಿವೆ. ಎಲ್ಲದಕ್ಕೂ ಒಂದೇ ಪದ ಅಂಟಿಸಿದರೆ ಜೀತದಾಳು ಚೋಮನ ಕಥೆಗೆ ಅಂತ ಪ್ರತ್ಯೇಕವಾಗಿ ಏನು ಉಳಿಯಿತು?

ನಾನು ತರಗತಿಯಲ್ಲಿ ಮಾಡಿಸುತ್ತಿದ್ದ ಒಂದು ಕೆಲಸ ಹೇಳುತ್ತೇನೆ. ಪೆನ್ಸಿಲ್ ತಗೊಳ್ಳಿ. ದುಡಿ, ಅಂದರೆ ಚೋಮ ಬಾರಿಸುವ ಚರ್ಮವಾದ್ಯ, ಬಂದ ಕಡೆಯೆಲ್ಲ ಗೆರೆ ಎಳೆಯಿರಿ. ಪ್ರತಿ ಸಲವೂ ಅದಕ್ಕೆ ಸ್ವಲ್ಪ ಮೊದಲು ಏನಾಯಿತು ಅಂತ ಪಕ್ಕದಲ್ಲಿ ಎರಡು ಪದ ಬರೆಯಿರಿ. ಆಮೇಲೆ ಎತ್ತುಗಳಿಗೂ ಹಾಗೇ ಮಾಡಿ. ಬರಹಗಾರ ಒಂದು ಸಾಮಾನನ್ನೋ ಪ್ರಾಣಿಯನ್ನೋ ಮತ್ತೆ ಮತ್ತೆ ಕಥೆಗೆ ತರುತ್ತಾನೆ ಅಂದರೆ ಅಲ್ಲಿ ನಮಗೆ ಕೆಲಸ ಇದೆ ಅಂತ ಅರ್ಥ. ಎತ್ತುಗಳನ್ನೇ ನೋಡಿ. ಚೋಮನಿಗೆ ಒಂದು ಜೋಡಿ ಎತ್ತು ಇದೆ, ಉಳಲು ಭೂಮಿ ಇಲ್ಲ, ಅವನ ಜಾತಿಯವರು ಬೇಸಾಯ ಮಾಡುವಂತೆಯೂ ಇಲ್ಲ. ಘಟ್ಟದ ಕಾಫಿ ತೋಟದ ಸಾಲ ತೀರಿಸಲು ಹೆತ್ತ ಮಕ್ಕಳನ್ನು ಅಲ್ಲಿಗೆ ದುಡಿಯಲು ಕಳಿಸುತ್ತಾನೆ, ಎತ್ತುಗಳು ಮಾತ್ರ ಅವನ ಹತ್ತಿರವೇ ಉಳಿಯುತ್ತವೆ. ಯಾಕೆ? ಆ ಎತ್ತುಗಳಲ್ಲಿ ಅವನು ಏನು ಕಟ್ಟಿಟ್ಟುಕೊಂಡಿದ್ದಾನೆ? ಇದಕ್ಕೆ ನಿಮ್ಮ ಮಾತಿನಲ್ಲಿ ಉತ್ತರ ಬರೆಯಿರಿ, ಆಶಯದ ಅರ್ಧ ದಾರಿ ಮುಗಿಯುತ್ತದೆ.

ಇನ್ನರ್ಧ ಕೊನೆಯಲ್ಲಿದೆ. ಅವನು ನೇಗಿಲು ಮುರಿಯುತ್ತಾನೆ, ಎತ್ತುಗಳನ್ನು ಅಟ್ಟಿಬಿಡುತ್ತಾನೆ, ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಾನೆ. ಬೇಸಾಯಕ್ಕೆ ಸೇರಿದ್ದೆಲ್ಲ ಕೈಬಿಟ್ಟು ಹೋಯಿತು, ದುಡಿ ಒಂದೇ ಉಳಿಯಿತು. ಕಾದಂಬರಿಗೆ ಹೆಸರು ಬಂದಿರುವುದೂ ಅದರಿಂದಲೇ. ಇನ್ನೂ ಒಂದು ಮಾತು. ನಮ್ಮ ಭಾಷೆಯಲ್ಲಿ ‘ದುಡಿ’ ಅಂದರೆ ವಾದ್ಯವೂ ಹೌದು, ಬೆವರು ಸುರಿಸಿ ಕೆಲಸ ಮಾಡು ಅನ್ನುವುದೂ ಹೌದು. ಆ ಹೆಸರು ಓದಿದಾಗಲೆಲ್ಲ ನನಗೆ ಎರಡೂ ಕೇಳಿಸುತ್ತವೆ.

ರಾಯಚೂರಿನವ:

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ವಸ್ತು ಮತ್ತು ಆಶಯ ಕಲಸಿಹೋಗುವ ಹಾಗೆ ನೀತಿ ಮತ್ತು ಆಶಯವೂ ಕಲಸಿಹೋಗುತ್ತವೆ. ನಾವು ಚಿಕ್ಕಂದಿನಿಂದ ‘ಈ ಕಥೆಯ ನೀತಿ ಏನು’ ಅಂತ ಕೇಳಿಸಿಕೊಂಡೇ ಬೆಳೆದವರು, ಅಲ್ವಾ? ಗೋವಿನ ಹಾಡು ತಗೊಳ್ಳಿ. ನೀತಿ ಏನು ಅಂದರೆ ಯಾರು ಬೇಕಾದರೂ ಸತ್ಯ ಅನ್ನುತ್ತಾರೆ. ಹಾಡೇ ಅದನ್ನು ಬಾಯಿಬಿಟ್ಟು ಹೇಳುತ್ತದೆ, ಹುಡುಕಬೇಕಾದ್ದು ಏನೂ ಇಲ್ಲ.

ಆದರೆ ಆ ಹಾಡನ್ನು ಇಡೀ ಕೇಳಿ. ಮಾತು ಕೊಡುವುದು, ಮಾತು ಉಳಿಸಿಕೊಳ್ಳುವುದು ಬೇಗ ಮುಗಿದುಹೋಗುತ್ತದೆ. ಹಾಡು ನಿಲ್ಲುವುದು ದೊಡ್ಡಿಯಲ್ಲಿ. ಕರು ಇನ್ನು ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಅಂತ ಕೇಳುತ್ತದೆ. ಪುಣ್ಯಕೋಟಿ ಉಳಿದ ಹಸುಗಳ ಹತ್ತಿರ ಹೋಗಿ ನನ್ನ ಕಂದನನ್ನು ಹಾಯಬೇಡಿ, ಒದೆಯಬೇಡಿ, ನಿಮ್ಮ ಮಗು ಅಂತ ನೋಡಿಕೊಳ್ಳಿ ಅಂತ ಬೇಡಿಕೊಳ್ಳುತ್ತದೆ. ನಮ್ಮ ಅವ್ವ ಹಾಡುವಾಗ ಅವಳ ದನಿ ಕಟ್ಟುತ್ತಿದ್ದುದು ಅಲ್ಲೇ, ಸತ್ಯದ ಸಾಲಿನಲ್ಲಿ ಅಲ್ಲ. ಹಾಗಾಗಿ ‘ಸತ್ಯ ಹೇಳಬೇಕು’ ಅನ್ನುವುದು ನೀತಿ. ಸತ್ಯಕ್ಕೆ ನಿಂತವರು ಅದಕ್ಕಾಗಿ ಏನನ್ನು ಬಿಟ್ಟು ಹೋಗಬೇಕಾಗುತ್ತದೆ, ಮತ್ತು ಆ ಬೆಲೆಯನ್ನು ಕಂಡ ಹುಲಿಗೆ ಬದುಕುವುದೇ ಯಾಕೆ ಸಾಧ್ಯವಾಗಲಿಲ್ಲ, ಇದು ಆಶಯದ ಕಡೆಗೆ ಹೋಗುವ ದಾರಿ ಅಂತ ನನಗೆ ಅನಿಸುತ್ತದೆ. ಕೃತಿ ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ನೋಡಿ.

ತುಂಗಾ ತೀರ:

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಒಂದು ತಕರಾರು. ದುಡಿ, ಎತ್ತು, ನೇಗಿಲು ಅಂತ ಹೋದರೆ ಕಾದಂಬರಿ ಚೋಮನೊಬ್ಬನದಾಗುತ್ತದೆ. ಅವನ ಮಗಳು ಬೆಳ್ಳಿ ಎಲ್ಲಿ? ನಾನು ಈ ಪುಸ್ತಕವನ್ನು ಮೂರು ಸಲ ಓದಿದ್ದೇನೆ. ಮೊದಲ ಸಲ ಚೋಮನಿಗಾಗಿ ಅತ್ತೆ, ಮೂರನೇ ಸಲ ಬೆಳ್ಳಿಗಾಗಿ. ಮನೆಯ ಗಂಜಿ ಅವಳದು, ತಮ್ಮಂದಿರ ಆರೈಕೆ ಅವಳದು, ಅಪ್ಪನ ಕುಡಿತ ಸಹಿಸುವುದೂ ಅವಳದೇ. ಸಾಲ ಮಾಡಿದವನು ಚೋಮ. ಅಣ್ಣ ಚನಿಯ ಜ್ವರ ಬಂದು ಸತ್ತ. ಚೋಮನ ಇನ್ನೊಬ್ಬ ಮಗ ಗುರುವ ಕ್ರೈಸ್ತರ ಹುಡುಗಿಯನ್ನು ಮದುವೆಯಾಗಿ ಬೇರೆ ಆದ. ಕೊನೆಗೆ ತೋಟಕ್ಕೆ ಹೋದವಳು ಅವಳು. ಅಲ್ಲಿ ಆ ಸಾಲ ತೀರಿದ್ದು ಅವಳ ಮೈಯನ್ನೇ ಬೆಲೆಯಾಗಿ ಪಡೆದು ಅಂತ ಓದಿದವರಿಗೆ ಗೊತ್ತು. ಇಷ್ಟಾದ ಮೇಲೆ ತೋಟದ ರೈಟರ್ ಮನ್ವೇಲನ ಜೊತೆ ಅವಳನ್ನು ಕಂಡ ಅಪ್ಪನ ಸಿಟ್ಟು ಬೀಳುವುದೂ ಅವಳ ಮೇಲೆಯೇ.

ಹಾಗಾದರೆ ಈ ಕಾದಂಬರಿಯ ಆಶಯ ಹೇಳುವ ವಾಕ್ಯದಲ್ಲಿ ಬೆಳ್ಳಿಗೆ ಜಾಗ ಇಲ್ಲದಿದ್ದರೆ ಆ ವಾಕ್ಯ ಸರಿಯಾಗಿಲ್ಲ. ಮೇಲಿನವರಿಂದ ಬಂದ ಅನ್ಯಾಯ ಕೆಳಗೆ ಇಳಿಯುತ್ತಾ ಬಂದು ಮನೆಯಲ್ಲಿ ಎಲ್ಲರಿಗಿಂತ ಕೆಳಗಿರುವ ಹೆಣ್ಣಿನ ಮೈಮೇಲೆ ನಿಲ್ಲುತ್ತದೆ, ಇದೂ ಈ ಕಾದಂಬರಿ ಕಂಡದ್ದೇ. ಒಂದು ಕೃತಿಗೆ ಒಂದೇ ಆಶಯ ಇರಬೇಕು ಅಂತ ಎಲ್ಲೂ ಇಲ್ಲ.

ಪುತ್ತೂರಿನ ಮೇಷ್ಟ್ರು:

ಮೇಡಂ, ಒಪ್ಪಿದೆ. ಬೆಳ್ಳಿಯನ್ನು ಬಿಟ್ಟು ಹೇಳಿದ್ದು ನನ್ನ ತಪ್ಪು. ಪಾತ್ರಗಳನ್ನು ಒಂದೊಂದಾಗಿ ಆ ವಾಕ್ಯದ ಮುಂದೆ ನಿಲ್ಲಿಸಿ ನೋಡುವುದು ಒಳ್ಳೆಯ ಪರೀಕ್ಷೆ.

ಘಟನೆಗಳಿಗೂ ಇದೇ ಪರೀಕ್ಷೆ ಮಾಡಬಹುದು. ‘ಚೋಮನಿಗೆ ಭೂಮಿಯ ಆಸೆ, ಅದೇ ಆಶಯ’ ಅಂತ ತುಂಬ ಮಕ್ಕಳು ಬರೆಯುತ್ತಾರೆ. ಆದರೆ ಅವನು ಭೂಮಿ ಸಿಗುತ್ತದೆ ಅನ್ನುವ ಆಸೆಯಿಂದ ಕ್ರೈಸ್ತ ಮತಕ್ಕೆ ಸೇರಲು ಹೊರಡುತ್ತಾನೆ, ಹೊರಟವನು ತಾನು ನಂಬಿದ ದೈವ ಪಂಜುರ್ಲಿ ಭೂತದ ನೆನಪಿಗೆ ಸಿಕ್ಕಿ ಹಿಂದಿರುಗಿ ಬರುತ್ತಾನೆ. ಬರೀ ಭೂಮಿ ಸಾಕಾಗಿದ್ದರೆ ಅವನು ಹಿಂದಿರುಗುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅವನಾಗಿಯೇ ಉಳಿದು, ಅವನ ದೈವದ ಜೊತೆ, ಅವನ ಊರಲ್ಲೇ ಉಳುವುದು. ಒಂದೇ ಒಂದು ಘಟನೆ ನಿಮ್ಮ ವಾಕ್ಯವನ್ನು ಹೇಗೆ ತಿದ್ದುತ್ತದೆ ನೋಡಿ.

ಧಣಿ ಸಂಕಪ್ಪಯ್ಯನವರನ್ನೂ ಗಮನಿಸಿ. ಅವರು ಕ್ರೂರಿ ಅಲ್ಲ. ಅವರಿಗೆ ಕನಿಕರ ಇದೆ, ಆದರೆ ಮನೆಯ ಹಿರಿಯರ ಮಾತು, ಊರಿನ ಕಟ್ಟಳೆ ದಾಟುವ ಧೈರ್ಯ ಇಲ್ಲ. ಒಬ್ಬ ಕೆಟ್ಟ ಧಣಿಯನ್ನು ಇಟ್ಟಿದ್ದರೆ ನಾವು ಅವನನ್ನು ಬೈದು ಪುಸ್ತಕ ಮುಚ್ಚುತ್ತಿದ್ದೆವು.

ಹಳೇ ಪುಸ್ತಕದಂಗಡಿ:

ಪರೀಕ್ಷೆಗೆ ಬೇಕಾದ ಒಂದು ಮಾತು. ತುಂಬ ಜನ ಲೇಖಕರ ಬದುಕಿನಿಂದ ಶುರು ಮಾಡುತ್ತಾರೆ. ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ, ಗಾಂಧೀಜಿ ಪ್ರಭಾವದಿಂದ ಕಾಲೇಜು ಬಿಟ್ಟರು, ‘ಚೋಮನ ದುಡಿ’ ಬಂದದ್ದು 1933ರಲ್ಲಿ, ಆದ್ದರಿಂದ ಆಶಯ ಹರಿಜನೋದ್ಧಾರ ಅಂತ. ಹಿನ್ನೆಲೆ ಗೊತ್ತಿರುವುದು ಒಳ್ಳೆಯದೇ. ಆದರೆ ಉದ್ಧಾರ ಮಾಡುವವರು ಈ ಕಥೆಯಲ್ಲಿ ಎಲ್ಲಿದ್ದಾರೆ ಹೇಳಿ? ಕೃತಿಯೊಳಗೆ ಬೆರಳಿಟ್ಟು ತೋರಿಸಲು ಆಗದ್ದನ್ನು ಬರೆಯಬೇಡಿ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾ ನೋಡಿ, ವಾಸುದೇವರಾವ್ ಅವರ ಚೋಮ ಕಣ್ಣಿಂದ ಹೋಗುವುದೇ ಇಲ್ಲ. ಆದರೆ ಅಸೈನ್‌ಮೆಂಟ್ ಬರೆಯುವಾಗ ಪುಸ್ತಕ ಬಿಚ್ಚಿಕೊಂಡೇ ಕೂರಿ.

ಬೆಳಗಿನ ಬಸ್ಸು:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಪೆನ್ಸಿಲ್ ಹಿಡಿದು ಕೂತೆ. ದುಡಿಗೆ ಗೆರೆ ಎಳೆಯುತ್ತಾ ಹೋದ ಹಾಗೆ, ಅವನಿಗೆ ಯಾರ ಹತ್ತಿರವೂ ಹೇಳಿಕೊಳ್ಳಲು ಆಗದ್ದನ್ನೆಲ್ಲ ದುಡಿಗೆ ಹೇಳುತ್ತಿದ್ದಾನೆ ಅಂತ ಅನ್ನಿಸಿತು. ಈಗ ಬರೆದ ವಾಕ್ಯ ಇದು, ಸರಿ ಇದೆಯಾ ನೋಡಿ:

‘ಒಬ್ಬ ಮನುಷ್ಯನ ದುಡಿಮೆಯನ್ನೆಲ್ಲ ಪಡೆದುಕೊಂಡು, ತನಗಾಗಿ ದುಡಿಯುವ ಹಕ್ಕನ್ನು ಮಾತ್ರ ಅವನಿಗೆ ಕೊಡದ ಊರಿನಲ್ಲಿ ಅವನ ಮನೆ ಒಳಗಿನಿಂದಲೇ ಮುರಿಯುತ್ತದೆ, ಆ ಮುರಿತದ ಭಾರ ಎಲ್ಲರಿಗಿಂತ ಜಾಸ್ತಿ ಮಗಳ ಮೇಲೆ ಬೀಳುತ್ತದೆ.’

ತುಂಗಾ ತೀರ:

ತಂಗಿ, ಓದಿ ಖುಷಿಯಾಯಿತು. ‘ಅಸ್ಪೃಶ್ಯತೆ’ ಅನ್ನುವ ಪದವೇ ಇಲ್ಲದೆ ಅದನ್ನೇ ಹೇಳಿದ್ದೀರಿ.

ಪುತ್ತೂರಿನ ಮೇಷ್ಟ್ರು:

ಚೆನ್ನಾಗಿದೆ. ನನ್ನ ತರಗತಿಯಲ್ಲಿ ಆಗಿದ್ದರೆ ಎಲ್ಲರ ಮುಂದೆ ಓದಿಸುತ್ತಿದ್ದೆ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ನೀರಿನಲ್ಲಿ ಮುಳುಗಿ ಸಾಯುವ ಚೋಮನ ಸಣ್ಣ ಮಗ ಇದ್ದಾನಲ್ಲ, ಮುಟ್ಟಬಾರದವನು ಅಂತ ಯಾರೂ ಮೇಲೆತ್ತದೆ ಹೋದವನು. ಅವನ ಸಾವು ದುಡಿಮೆಯ ವಿಷಯ ಅಲ್ಲ, ಮನೆ ಒಳಗಿನಿಂದ ಮುರಿದದ್ದೂ ಅಲ್ಲ. ನಿಮ್ಮ ವಾಕ್ಯದಲ್ಲಿ ಅವನು ಎಲ್ಲಿದ್ದಾನೆ?

ಬೆಳಗಿನ ಬಸ್ಸು:

ಇಲ್ಲ ಸರ್. ಅವನು ಇಲ್ಲ. ಆ ಭಾಗ ಮತ್ತೆ ಓದಿ ಬರುತ್ತೇನೆ.