ಲೈನ್ ಮನೆಗಳಿಗೆ ಪೋಸ್ಟಿಂಗ್: ಹೇಗೆ ಮಾತಾಡಿಸಬೇಕು, ಯಾರ ಮುಂದೆ ಕೇಳಬೇಕು?

ಕೇಳಿದ್ದು: ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ, ಹಾಸನ

ಮುಂದಿನ ವಾರದಿಂದ ನಮಗೆ ಕಮ್ಯುನಿಟಿ ಪೋಸ್ಟಿಂಗ್, ಅಂದರೆ ಆಸ್ಪತ್ರೆ ಬಿಟ್ಟು ಜನರ ಮನೆಗಳಿಗೇ ಹೋಗುವ ತರಬೇತಿ. ಸಕಲೇಶಪುರದ ಕಡೆ ಒಂದು ಹಳ್ಳಿ, ಜೊತೆಗೆ ಎರಡು ಕಾಫಿ ಎಸ್ಟೇಟಿನ ಲೈನ್ ಮನೆಗಳು, ಅಂದರೆ ತೋಟದ ಕೂಲಿಯವರು ಇರುವ ಸಾಲು ಮನೆಗಳು. ಹೋದ ಸಲ ವಾರ್ಡಿನಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಬಾಣಂತಿಗೆ ನೀರು ಕೊಡಬಾರದು ಎಂದು ಒಬ್ಬರು ಅಜ್ಜಿ ಹಟ ಹಿಡಿದಿದ್ದರು. "ಇದೆಲ್ಲ ಮೂಢನಂಬಿಕೆ ಅಜ್ಜಿ" ಅಂದುಬಿಟ್ಟೆ. ಆಮೇಲೆ ಆ ಮನೆಯವರು ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕ್ಲಾಸಿನಲ್ಲಿ ನೋಟ್ಸ್ ಬರೆಸಿದ್ದಾರೆ. ಆದರೆ ಎದುರಿಗೆ ನಿಂತಾಗ ಏನು ಹೇಳಬೇಕು ಅನ್ನೋದು ಅದರಲ್ಲಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್, ಹಾಸನ

ಪುಟ್ಟಿ, ಆ ತಪ್ಪು ನಾವೆಲ್ಲ ಮಾಡಿದ್ದೇವೆ. ಆ ಅಜ್ಜಿಗೆ ಭಯ ಇರುವುದು ನೀರಿನ ಮೇಲಲ್ಲ, ಶೀತದ ಮೇಲೆ. ನಾನು ಈಗ ಕೇಳುವುದೇ ಬೇರೆ. "ತಣ್ಣೀರು ಬೇಡ ಅಷ್ಟೇ ಅಲ್ವಾ? ಜೀರಿಗೆ ಹಾಕಿ ಕಾಯಿಸಿದ ನೀರು ಆಗುತ್ತಾ?" ಹತ್ತರಲ್ಲಿ ಎಂಟು ಅಜ್ಜಿಯರು "ಅದಾದ್ರೆ ಆಗುತ್ತೆ" ಅನ್ನುತ್ತಾರೆ. ಹಾಲೂಡಿಸುವ ತಾಯಿಯ ಹೊಟ್ಟೆಗೆ ನೀರು ಹೋಯಿತು, ಅಜ್ಜಿಯ ಮಾತೂ ಉಳಿಯಿತು.

ಮೊದಲ ಹಾಲು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಅಲ್ಲಿ ನಾನು ಪುಸ್ತಕ ತೆಗೆಯುವುದೇ ಇಲ್ಲ. "ಕರುಗೆ ಗಿಣ್ಣು ಹಾಲು ಕುಡಿಸದೆ ಇದ್ದರೆ ಆ ಕರು ಏಳುತ್ತಾ ಅಜ್ಜಿ?" ಅಂತೀನಿ. ನಮ್ಮ ಜಿಲ್ಲೆಯಲ್ಲಿ ಹಸು ಸಾಕದ ಅಜ್ಜಿ ಯಾರಿದ್ದಾರೆ? ಒಂದು ನಗು, ಮಗು ಎದೆಗೆ. ಹುಟ್ಟಿದ ಒಂದು ಗಂಟೆಯೊಳಗೆ ಆಗಬೇಕಾದ ಕೆಲಸ ಅದು, ಭಾಷಣಕ್ಕೆ ಸಮಯ ಎಲ್ಲಿದೆ.

ಆಪರೇಷನ್‌ಗೆ ಹೋಗುವವರ ತಾಳಿ, ತಾಯತ ಸುಮ್ನೆ ಕೈ ಹಾಕಿ ಬಿಚ್ಚಬೇಡ. ಹೊಸದರಲ್ಲಿ ನಾನು ಒಬ್ಬರ ತಾಯತ ಕತ್ತರಿಸಿ ಟ್ರೇಗೆ ಹಾಕಿದ್ದೆ. ಅದು ಅವರ ತೀರಿಹೋದ ತಂದೆ ಕಟ್ಟಿಸಿದ್ದಂತೆ. ಕರೆಂಟಿನ ಉಪಕರಣದಿಂದ ಲೋಹ ಇದ್ದ ಕಡೆ ಸುಡಬಹುದು ಎಂದು ಕಾರಣ ಹೇಳು. ಬಿಚ್ಚಿದ್ದನ್ನು ಅವರ ಕಣ್ಣೆದುರೇ ತಾಯಿಯ ಕೈಗೋ ಗಂಡನ ಕೈಗೋ ಕೊಡು. ನಂಜಿನ ಪಥ್ಯದ ಬಗ್ಗೆಯೂ ಇಷ್ಟೇ. ಹೊಲಿಗೆ ಹಾಕಿದವರಿಗೆ ಬದನೆಕಾಯಿ ಬೇಡ ಅಂದರೆ ಬೇಡ ಬಿಡು. ಬೇಳೆ, ಮೊಟ್ಟೆ ಎಲ್ಲ ನಿಲ್ಲಿಸಿದರೆ ಮಾತ್ರ ಕೂತು ಮಾತಾಡು.

ನರ್ಸಿಂಗ್ ಕಾಲೇಜಿನ ಟ್ಯೂಟರ್

ಸಿಸ್ಟರ್ ಮಾಡುತ್ತಿರುವುದನ್ನೇ ಪಾಠದಲ್ಲಿ ಮೂರು ದಾರಿ ಎಂದು ಹೇಳಿಕೊಡುತ್ತೇವೆ: ಇರುವ ಪದ್ಧತಿಯನ್ನು ಇರಲು ಬಿಡುವುದು, ಸ್ವಲ್ಪ ಹೊಂದಿಸಿಕೊಳ್ಳುವುದು, ಅಪಾಯ ಇದ್ದರೆ ಬದಲಿಸುವುದು. ಅಮೆರಿಕದ ನರ್ಸ್ ಮೆಡಲಿನ್ ಲೈನಿಂಜರ್ ಕೊಟ್ಟಿದ್ದು. 1950ರ ದಶಕದಲ್ಲಿ ಮಕ್ಕಳ ಮಾನಸಿಕ ಆರೈಕೆ ಕೇಂದ್ರದಲ್ಲಿದ್ದಾಗ, ಒಂದೇ ಆರೈಕೆ ಎಲ್ಲ ಮಕ್ಕಳಿಗೂ ಹಿಡಿಸುತ್ತಿಲ್ಲ ಎನ್ನುವುದು ಅವರ ಗಮನಕ್ಕೆ ಬಂತು. ಆಮೇಲೆ ಮಾನವಶಾಸ್ತ್ರ ಓದಿ, ನ್ಯೂಗಿನಿಯ ಗ್ಯಾಡ್ಸಪ್ ಜನರ ಊರಿಗೇ ಹೋಗಿ ಇದ್ದರು. ಅವರ ಲೆಕ್ಕ ನಮ್ಮ ಊರಿಗೂ ಹೊಂದುತ್ತದೆ. ಮಗುವಿನ ಅಂಗಾಲಿಗೆ ದೃಷ್ಟಿ ಬೊಟ್ಟು, ಇರಲಿ ಬಿಡಿ. ಕಣ್ಣಿಗೆ ಕಾಡಿಗೆ, ಅದನ್ನು ಅಂಗಾಲಿಗೆ ಇಳಿಸಲು ಒಪ್ಪಿಸಿ. ಎಳೆಗೂಸಿಗೆ ಜೇನು ನೆಕ್ಕಿಸುವುದು, ಹೊಕ್ಕುಳಿಗೆ ಬೂದಿ ಹಚ್ಚುವುದು, ಇವಕ್ಕೆ ಮಾತ್ರ ಬೇಡವೇ ಬೇಡ ಅನ್ನಿ. ಒಂದು ವರ್ಷ ತುಂಬುವವರೆಗೆ ಜೇನು ಅಪಾಯ.

"ಲಂಬಾಣಿಯವರು ಹೀಗೆ, ಸಾಬರು ಹೀಗೆ" ಎಂದು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದು ನನಗೆ ಇಷ್ಟವಿಲ್ಲ. ಪರೀಕ್ಷೆಗೆ ಅನುಕೂಲ, ಮನೆ ಬಾಗಿಲಲ್ಲಿ ಕೆಲಸಕ್ಕೆ ಬಾರದು.

ಗೃಹಿಣಿ, ಮೂಡಿಗೆರೆ

ಟ್ಯೂಟರ್ ಮೇಡಂ ಮಾತಿಗೆ ನಮ್ಮ ಮನೆಯೇ ಸಾಕ್ಷಿ. ನಾವು ಬ್ಯಾರಿಗಳು. ಅತ್ತೆಯ ಬುರ್ಖಾ ನೋಡಿ ಆಸ್ಪತ್ರೆಯಲ್ಲಿ ಎಲ್ಲರೂ ಹಿಂದಿ ಶುರು ಮಾಡುತ್ತಾರೆ. ಅವರಿಗೆ ಬರುವುದು ಬ್ಯಾರಿ ಭಾಷೆ, ಕನ್ನಡ, ಸ್ವಲ್ಪ ತುಳು. ಉರ್ದು ಒಂದಕ್ಷರ ಬರಲ್ಲ!

ಒಂದು ರಂಜಾನ್‌ನಲ್ಲಿ ಎಂದಿನ ಹಾಗೆ ಇನ್ಸುಲಿನ್ ತಗೊಂಡು ಉಪವಾಸ ಹಿಡಿದರು. ಮಧ್ಯಾಹ್ನ ಬೆವತು ಬಿದ್ದರು. ಅಲ್ಲಿದ್ದವರು ಚೆನ್ನಾಗಿ ಬೈದರು. ಪರಿಣಾಮ ಏನಾಯಿತು ಗೊತ್ತಾ? ಮರುವರ್ಷ ಉಪವಾಸ ಇರುವುದನ್ನೇ ಮುಚ್ಚಿಟ್ಟರು. ಅದರ ಮುಂದಿನ ವರ್ಷ ಬೇರೊಬ್ಬ ಸಿಸ್ಟರ್ ಒಂದು ತಿಂಗಳು ಮೊದಲೇ "ಈ ಸಲ ಹಿಡಿಯುತ್ತೀರಾ ಉಮ್ಮಾ?" ಎಂದು ಕೇಳಿದರು. ಡಾಕ್ಟರ್ ಹತ್ತಿರ ಕೂರಿಸಿ ಡೋಸು, ಹೊತ್ತು ಎರಡೂ ಬದಲಿಸಿಕೊಟ್ಟರು. ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಅಲ್ಲೇ ಬಿಡಬೇಕು ಎಂದು ಮಾತು ತಗೊಂಡರು. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯಲ್ಲ ಎಂದು ಮಸೀದಿಯ ಉಸ್ತಾದರಿಂದಲೇ ಹೇಳಿಸಿದೆವು. ಎರಡು ದಿನ ಬಿಟ್ಟರು, ಉಳಿದದ್ದು ಸುಸೂತ್ರ.

ಎಸ್ಟೇಟ್ ಭಾಗದ ಆರೋಗ್ಯ ಕಾರ್ಯಕರ್ತೆ, ಚಿಕ್ಕಮಗಳೂರು ಜಿಲ್ಲೆ

ಲೈನ್ ಮನೆ ಬಗ್ಗೆ ನಾನು ಹೇಳುತ್ತೇನೆ. ಈಗ ಅಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ಜಾಸ್ತಿ. ನಮಗೆ ಭಾಷೆ ಬರಲ್ಲ ಎಂದು ಮೇಸ್ತ್ರಿಯನ್ನು ಕರೆದು ನಿಲ್ಲಿಸಿಕೊಳ್ಳುತ್ತೇವೆ. ನಾನೂ ಹಾಗೇ ಮಾಡಿದ್ದೆ. ಒಬ್ಬಳು ಹುಡುಗಿ ಹೊಟ್ಟೆನೋವು ಅಂದಳು, ಮಾತ್ರೆ ಕೊಟ್ಟು ಬಂದೆ. ಒಂದು ವಾರದ ಮೇಲೆ ಮುಖ ಬಿಳಿಚಿಕೊಂಡಿತ್ತು. ಪಕ್ಕದ ಮನೆ ಹೆಂಗಸನ್ನು ಕೂರಿಸಿಕೊಂಡು ಕೇಳಿದರೆ, ಮೂರು ತಿಂಗಳ ಬಸಿರು ಇಳಿದುಹೋಗಿ ರಕ್ತಸ್ರಾವ ನಿಂತೇ ಇರಲಿಲ್ಲ. ಕೂಲಿ ಕೊಡುವ ಗಂಡಸಿನ ಎದುರಿಗೆ ಅದನ್ನು ಹೇಗೆ ಹೇಳುತ್ತಾಳೆ? ತಪ್ಪು ನನ್ನದೇ. ಅವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆವು, ಉಳಿದಳು.

ಅದಕ್ಕೆ ಹೇಳುವುದು, ಮೇಸ್ತ್ರಿ ಬೇಡ, ಮಕ್ಕಳೂ ಬೇಡ. ಮಗಳ ಬಾಯಲ್ಲಿ ಅಮ್ಮನ ಮುಟ್ಟಿನ ವಿಷಯ ಕೇಳಿಸಬಾರದು. ಅವರ ಭಾಷೆಯ ಒಬ್ಬ ಹೆಂಗಸನ್ನು ಹುಡುಕು. ಹೇಳಿದ ಮೇಲೆ "ಅರ್ಥ ಆಯ್ತಾ" ಎಂದು ಕೇಳಬೇಡ, ಎಲ್ಲರೂ ತಲೆ ಆಡಿಸುತ್ತಾರೆ. "ರಾತ್ರಿ ಯಾವ ಮಾತ್ರೆ ತಗೊಳ್ಳುತ್ತೀಯ, ತೋರಿಸು" ಅನ್ನು. ನಾನು ಕವರಿನ ಮೇಲೆ ಸೂರ್ಯ, ಚಂದ್ರ ಬರೆಯುತ್ತೇನೆ.

ಹೊತ್ತು ನೋಡಿ ಹೋಗು. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾದರೆ, ರೋಬಸ್ಟಾ ಮುಗಿಯುವವರೆಗೆ ಹಗಲು ಲೈನಿನಲ್ಲಿ ಯಾರೂ ಸಿಗಲ್ಲ. ಆಸ್ಪತ್ರೆಗೆ ಬಾ ಅಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ. ಸಂಜೆ ಐದರ ಮೇಲೆ ಹೋಗು. ಕೊಯ್ಲು ಮುಗಿಸಿ ಊರಿಗೆ ಹೊರಟವರ ಲಸಿಕೆ ಕಾರ್ಡು ನೋಡು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ), 9 ತಿಂಗಳು ತುಂಬಿದ ಮೇಲೆ ದಡಾರದ್ದು. ಮುಂದಿನ ತಾರೀಖು ದೊಡ್ಡದಾಗಿ ಬರೆದುಕೊಡು.

ಇನ್ನೊಂದು. ಟೀ ಕೊಟ್ಟರೆ ಕುಡಿ. ಬೇಡ ಅಂದರೆ ಜಾತಿ ನೋಡಿದಳು ಅಂದುಕೊಳ್ಳುತ್ತಾರೆ. ಎರಡನೇ ಸಲ ಬಾಗಿಲು ತೆಗೆಯಲ್ಲ.

ಕೇಳಿದವಳೇ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಸ್ತ್ರಿಯನ್ನು ದೂರ ಇಡುವುದು ಹೇಗೆ ಎಂದು ಮೇಡಂ ಹತ್ತಿರ ಇವತ್ತೇ ಕೇಳುತ್ತೇನೆ. ಆದರೆ ಅಕ್ಕಾ, ನಾನು ಟೀ ಕುಡಿಯುವುದೇ ಇಲ್ಲ. ಹತ್ತು ಮನೆ ಹತ್ತು ಲೋಟ ಅಂದರೆ ಏನು ಗತಿ?

ಎಸ್ಟೇಟ್ ಭಾಗದ ಆರೋಗ್ಯ ಕಾರ್ಯಕರ್ತೆ

ಮೊದಲ ಮನೆಯಲ್ಲಿ ಅರ್ಧ ಲೋಟ. ಉಳಿದ ಕಡೆ ಬಿಸಿನೀರು ಕೇಳಿ ಕುಡಿ. ಅವರ ಲೋಟದಲ್ಲೇ.